ತಂದೆಯ ತೊಟ್ಟಿ, ಮಗನ ಮಣ್ಣು

ಹತ್ತು ವರ್ಷಗಳ ಹಿಂದೆ, ಚೆನ್ನೈಗೆ ಬಂದ ಹೊಸತರಲ್ಲಿ, ಮಗಳ ಒತ್ತಾಯಕ್ಕೆ ಮಣಿದು ಮನೆಗೊಂದು ಗಾಜಿನ ಮೀನುತೊಟ್ಟಿ ತಂದೆವು. ಅಂಗಡಿಯಾತ ಅದೇ ಸಂಜೆ ನೀರು ತುಂಬಿಸಿ, ಆರು ಮೀನುಗಳನ್ನು ಬಿಟ್ಟು ಹೋದ. ಹತ್ತನೆಯ ದಿನದ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು. ಆ ತಿಳಿನೀರಿನಲ್ಲಿ ಇಲ್ಲದೆ ಹೋದದ್ದೇನು ಎಂಬುದನ್ನು ಅರಿಯಲು ಯುರೋಪಿನ ವಿಜ್ಞಾನಕ್ಕೇ ನಲವತ್ತು ವರ್ಷ ಹಿಡಿಯಿತು. ಆ ಕಥೆಯಲ್ಲಿ ಒಂದೇ ಮನೆಯ ತಂದೆ ಮಗ ಇಬ್ಬರಿಗೂ ಪಾತ್ರವಿದೆ. ಇಬ್ಬರ ಹೆಸರೂ ರಾಬರ್ಟ್ ವಾರಿಂಗ್ಟನ್.

ತಂದೆ ಲಂಡನ್ನಿನ ಔಷಧಿಕಾರರ ಸಂಘದಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದವರು. 1849ರಲ್ಲಿ ಅವರು ಸುಮಾರು 12 ಗ್ಯಾಲನ್, ಅಂದರೆ 54 ಲೀಟರಿನಷ್ಟು, ಹಿಡಿಯುವ ಗಾಜಿನ ಪಾತ್ರೆಯೊಂದರಲ್ಲಿ ಅರ್ಧದವರೆಗೆ ಒರತೆಯ ನೀರು ತುಂಬಿಸಿ, ತಳಕ್ಕೆ ಮರಳು, ಕೆಸರು, ಕಲ್ಲು ಹಾಕಿ, ವ್ಯಾಲಿಸ್ನೇರಿಯಾ ಎಂಬ ನೀರುಸಸ್ಯವನ್ನು ನೆಟ್ಟು, ಎರಡು ಗೋಲ್ಡ್‌ಫಿಶ್‌ಗಳನ್ನು ಬಿಟ್ಟರು. ಕೆಲವೇ ದಿನಗಳಲ್ಲಿ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಆಗ ಕೊಳದ ಐದಾರು ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತದ್ದನ್ನು ತಿಂದು ಮುಗಿಸಿದವು, ನೀರು ತಿಳಿಯಾಯಿತು. ಮೀನು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಸಸ್ಯ ಹೀರುತ್ತದೆ, ಸಸ್ಯ ಕೊಡುವ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ, ಕಸವನ್ನು ಬಸವನಹುಳು ನೋಡಿಕೊಳ್ಳುತ್ತದೆ. ಮರುವರ್ಷ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ಅವರು ಮಂಡಿಸಿದ ಪ್ರಬಂಧದ ತಿರುಳು ಇದು.

ಸಿದ್ಧಾಂತ ಸುಂದರವಾಗಿತ್ತು, ಅದು ಅಷ್ಟು ಕಾಲ ಬಾಳಿದ್ದಕ್ಕೆ ಆ ಸೌಂದರ್ಯವೇ ಕಾರಣವಿರಬೇಕು ಎಂದು ನನ್ನ ಅನುಮಾನ. ಗಾಜಿನ ಮೇಲಿನ ಸುಂಕ 1845ರಲ್ಲೇ ರದ್ದಾಗಿತ್ತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯ ಮೀನುಮನೆಯನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂದಿತು. ಮಧ್ಯಮವರ್ಗದ ಮನೆಗಳಿಗೆಲ್ಲ ತೊಟ್ಟಿಯ ಹುಚ್ಚು ಹಿಡಿಯಿತು. ಆ ಹುಚ್ಚು ಬಹುಕಾಲ ಉಳಿಯಲಿಲ್ಲ. ಸಸ್ಯ, ಬಸವನಹುಳು ಎಲ್ಲವೂ ಇದ್ದ ತೊಟ್ಟಿಗಳಲ್ಲೂ ಮೀನುಗಳು ಸಾಯುತ್ತಲೇ ಇದ್ದವು.

ಆ ಲೆಕ್ಕದಲ್ಲಿ ಸೇರದೆ ಉಳಿದದ್ದು ಅಮೋನಿಯಾ. ಮೀನು ತನ್ನ ದೇಹದ ಸಾರಜನಕದ ಕಲ್ಮಷವನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲೇ ಹೊರಹಾಕುತ್ತದೆ. ಅದಕ್ಕೆ ಬಣ್ಣವಿಲ್ಲ, ಕೊಲ್ಲುವ ಪ್ರಮಾಣದಲ್ಲೂ ನಮ್ಮ ಮೂಗಿಗೆ ತಿಳಿಯದು. ವಾರಿಂಗ್ಟನ್ನರ ಪಾತ್ರೆಯಲ್ಲಿ ಇದ್ದದ್ದು ಎರಡೇ ಮೀನು. ಒಂದಷ್ಟು ಅಮೋನಿಯಾವನ್ನು ಸಸ್ಯವೇ ಹೀರಿರಬೇಕು. ಉಳಿದದ್ದನ್ನು ಕಳೆದವು, ಬೇರಿಗೆ ಆಧಾರವಾಗಲೆಂದು ಅವರು ಹಾಕಿದ ಕೆಸರು ಮರಳುಗಳಲ್ಲಿ ಬೀಡುಬಿಟ್ಟಿದ್ದ ಜೀವಿಗಳು. ಅವರು 1867ರಲ್ಲಿ ತೀರಿಕೊಂಡಾಗ ಆ ಜೀವಿಗಳ ಸುಳಿವು ಯಾರಿಗೂ ಇರಲಿಲ್ಲ.

ಸುಳಿವು ಸಿಕ್ಕಿದ್ದು ಹತ್ತು ವರ್ಷಗಳ ಬಳಿಕ, ಫ್ರಾನ್ಸಿನಲ್ಲಿ, ಅದೂ ಚರಂಡಿ ನೀರಿನಲ್ಲಿ. ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಮೊದಲ ಇಪ್ಪತ್ತು ದಿನ ಅಮೋನಿಯಾ ಹೋದಂತೆಯೇ ಕೆಳಗೆ ಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು, ಅಮೋನಿಯಾ ಮಾಯವಾಯಿತು. ಇದು ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಿತ್ತಲ್ಲವೇ? ಅವರು ಕ್ಲೋರೋಫಾರ್ಮ್ ಆವಿ ಹಾಯಿಸಿದರು, ಕ್ರಿಯೆ ನಿಂತಿತು. ಆವಿಯನ್ನು ತೆಗೆದ ಮೇಲೂ ಅದು ಮರಳಲಿಲ್ಲ. ತೋಟದ ಮಣ್ಣು ತೊಳೆದ ನೀರನ್ನು, ಹಾಲಿಗೆ ಹೆಪ್ಪು ಹಾಕುವಂತೆ, ಸುರಿದ ಮೇಲೆ ಮತ್ತೆ ಶುರುವಾಯಿತು. ಹಳೆಯ ಗೋಡೆಗಳ, ಕೊಟ್ಟಿಗೆಗಳ ಮಣ್ಣಿನಿಂದ ಪೆಟ್ಲುಪ್ಪು ತೆಗೆಯುತ್ತಿದ್ದ ಬಿಹಾರದ ಹಳ್ಳಿಗರು ಶತಮಾನಗಳ ಕಾಲ ನೆಚ್ಚಿಕೊಂಡಿದ್ದದ್ದೂ ಇದೇ ಕ್ರಿಯೆಯನ್ನು.

ಈ ಸುದ್ದಿಯನ್ನು ಕೈಗೆತ್ತಿಕೊಂಡವರು ಮಗ ವಾರಿಂಗ್ಟನ್. ಬಾಲ್ಯದಲ್ಲಿ ಅನಾರೋಗ್ಯದಿಂದ ಮನೆಯಲ್ಲೇ ಓದಿ, ತಂದೆಯ ಪ್ರಯೋಗಶಾಲೆಯಲ್ಲಿ ರಸಾಯನಶಾಸ್ತ್ರ ಕಲಿತವರು. ಆಗ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದರು. ಹೊಲದ ಮಣ್ಣಿನಲ್ಲಿ ಅಮೋನಿಯಾ ನೈಟ್ರೇಟ್ ಆಗುವುದನ್ನು ವರ್ಷಗಟ್ಟಲೆ ಬೆನ್ನಟ್ಟಿ ಅವರು ಕಂಡುಕೊಂಡದ್ದು, ಅಲ್ಲಿರುವುದು ಎರಡು ಬೇರೆ ಬೇರೆ ಜೀವಿಗಳು ಎಂಬುದನ್ನು: ಒಂದು ಅಮೋನಿಯಾವನ್ನು ನೈಟ್ರೈಟ್ ಆಗಿಸುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ಬೆಳಕು ಈ ಕೆಲಸಕ್ಕೆ ಅಡ್ಡಿ ಎಂದೂ ತೋರಿಸಿದರು. ತಂದೆಯ ಸಿದ್ಧಾಂತವೋ ಸಸ್ಯದ ಮೇಲೆ ಬೀಳುವ ಬೆಳಕನ್ನೇ ನಂಬಿ ನಿಂತದ್ದು!

ಆದರೆ ಆ ಜೀವಿಗಳನ್ನು ಪ್ರತ್ಯೇಕಿಸಿ ಬೆಳೆಸಲು ಅವರಿಂದಾಗಲಿಲ್ಲ. ಅಂದಿನ ರೂಢಿಯ ಜೆಲಟಿನ್ ಮೇಲೆ ಅವು ಬೆಳೆಯಲೊಲ್ಲವು. 1890ರಲ್ಲಿ ಜ್ಯೂರಿಕ್‌ನಲ್ಲಿದ್ದ ಸರ್ಗೇಯ್ ವಿನೊಗ್ರಾಡ್‌ಸ್ಕಿ, ಸಾವಯವ ಆಹಾರವನ್ನೇ ಕೊಡದೆ ಅವುಗಳನ್ನು ಬೆಳೆಸಿ ಗೆದ್ದರು. ಅಮೋನಿಯಾವೇ ಅವುಗಳ ಒಲೆಯ ಸೌದೆ. ಮೈ ಕಟ್ಟಿಕೊಳ್ಳಲು ಇಂಗಾಲದ ಡೈಆಕ್ಸೈಡ್ ಸಾಕು. ಹಾಗೆ ಬದುಕುವುದರಿಂದಲೇ ಅವುಗಳ ಬೆಳವಣಿಗೆ ಬಹಳ ನಿಧಾನ.

ಮಣ್ಣಿನ ಈ ವಿದ್ಯೆ ಮೀನುತೊಟ್ಟಿಗೆ ತಲುಪಿದ್ದು ತೀರ ತಡವಾಗಿ. ‘ಸಮತೋಲದ ತೊಟ್ಟಿ’ ಎಂಬುದೊಂದು ಮಿಥ್ಯೆ ಎಂದು ಜೇಮ್ಸ್ ಆಟ್ಸ್ 1949ರಲ್ಲಿ ಬರೆಯಬೇಕಾಗಿ ಬಂದದ್ದೇ ಇದಕ್ಕೆ ಸಾಕ್ಷಿ. ತೊಟ್ಟಿಗಳಲ್ಲಿ ಎರಡನೆಯ ಹಂತದ ಕೆಲಸ ಮಾಡುವುದು, ಪುಸ್ತಕಗಳು ಹೇಳುತ್ತಿದ್ದ ನೈಟ್ರೊಬ್ಯಾಕ್ಟರ್‌ಗಿಂತ ಹೆಚ್ಚಾಗಿ ನೈಟ್ರೊಸ್ಪೈರಾ ಗುಂಪು ಎಂದು ಗೊತ್ತಾದದ್ದು 1998ರಲ್ಲಿ. 2015ರಲ್ಲಂತೂ ಎರಡೂ ಹಂತಗಳನ್ನು ಒಬ್ಬಂಟಿಯಾಗಿ ಮುಗಿಸುವ ನೈಟ್ರೊಸ್ಪೈರಾಗಳು ಸಿಕ್ಕವು. ಅಂಥವುಗಳಲ್ಲಿ ಕೆಲವು ದೊರೆತದ್ದು ಮೀನುಸಾಕಣೆಯ ಫಿಲ್ಟರಿನಲ್ಲಿ.

ಈ ವರ್ಷ ಮತ್ತೆ ತೊಟ್ಟಿ ಇಟ್ಟಿದ್ದೇನೆ; ಈ ಸಲ ಹೊಸ ಕಾವಲಿಯನ್ನು ಪಳಗಿಸುವಂತೆ ಪಳಗಿಸುತ್ತಿದ್ದೇನೆ. ಕ್ಲೋರಿನ್ ಕಳೆದ ನೀರು, ಓಡುವ ಫಿಲ್ಟರ್, ಮೀನಿನ ಬದಲು ಹನಿ ಲೆಕ್ಕದ ಅಮೋನಿಯಾ. ಮೊದಲು ಅಮೋನಿಯಾ ಏರಿ ಇಳಿಯಬೇಕು, ಆಮೇಲೆ ನೈಟ್ರೈಟ್; ಇದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಎರಡೂ ಸೊನ್ನೆಗಿಳಿದು ನೈಟ್ರೇಟ್ ಉಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಗೆಳೆಯರೊಬ್ಬರ ಹಳೆಯ ಫಿಲ್ಟರಿನ ಸ್ಪಂಜಿನ ತುಣುಕನ್ನು ಹೆಪ್ಪಾಗಿ ಹಾಕಿದ್ದೇನೆ.

ಇಂದು ಇಪ್ಪತ್ತಾರನೆಯ ದಿನ. ಅಮೋನಿಯಾ ಇಳಿದಿದೆ; ನೈಟ್ರೈಟ್ ಪರೀಕ್ಷೆಯ ನಳಿಕೆ ಇನ್ನೂ ನೇರಳೆ ಬಣ್ಣದಲ್ಲೇ ಇದೆ. ಹಾಸ್ಟೆಲ್‌ನಿಂದ ಮಗಳು ಫೋನ್ ಮಾಡಿದ್ದಳು. “ಅಪ್ಪಾ, ಮೀನು ಬಿಟ್ರಾ?” ಎಂದಳು. “ಇನ್ನೂ ಇಲ್ಲಮ್ಮ” ಎಂದೆ.