ಬಿ.ಎಸ್ಸಿ. ಮ್ಯಾಥ್ಸ್ ಆದಮೇಲೆ ಸೈಬರ್ ಭದ್ರತೆ: ಬಳ್ಳಾರಿಯ ವಿದ್ಯಾರ್ಥಿಗಳಿಗೆ ಯಾವ ಬಾಗಿಲು ತೆರೆದಿದೆ?

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನಲ್ಲಿ ಗಣಿತ ತಗೊಂಡು ಬಿ.ಎಸ್ಸಿ. ಓದ್ತಿರೋರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡೇ: ಬಿ.ಇಡಿ. ಮಾಡಿ ಮೇಷ್ಟ್ರಾಗು, ಇಲ್ಲಾಂದ್ರೆ ಬ್ಯಾಂಕ್ ಪರೀಕ್ಷೆ ಬರಿ. ಮೂರನೇ ದಾರಿಯೂ ಒಂದಿದೆ. ಗಣಿತದ ಪದವಿ ಮೇಲೆ ಸೈಬರ್ ಭದ್ರತೆಯಲ್ಲಿ ಸ್ನಾತಕೋತ್ತರ ಪದವಿ ಮಾಡೋದು. ಆದರೆ ಇಲ್ಲಿ ಎಲ್ಲ ಬಾಗಿಲುಗಳೂ ತೆರೆದಿಲ್ಲ. ಯಾವುದು ತೆರೆದಿದೆ ಅಂತ ಅಂತಿಮ ವರ್ಷದಲ್ಲಿ ಹುಡುಕಿದರೆ ತಡವಾಗುತ್ತೆ.

ಗಣಿತಕ್ಕೂ ಇದಕ್ಕೂ ಏನು ಸಂಬಂಧ?

1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ರೂಪಿಸಿದ ಆರ್‌ಎಸ್‌ಎ ಪದ್ಧತಿಯನ್ನೇ ನೋಡಿ. 3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 33. ನಿಮ್ಮ ಗುಟ್ಟು 4 ಅಂದುಕೊಳ್ಳಿ. ಅದರ 7ನೇ ಘಾತವನ್ನು 33ರಿಂದ ಭಾಗಿಸಿದರೆ ಶೇಷ 16. ಕಳಿಸೋದು ಈ 16 ಮಾತ್ರ. ಪಡೆದವರು 16ರ ಘನವನ್ನು 33ರಿಂದ ಭಾಗಿಸುತ್ತಾರೆ, ಶೇಷ ಮತ್ತೆ 4. ಇಲ್ಲಿ 33ರ ಅಪವರ್ತನಗಳನ್ನು ಯಾರು ಬೇಕಾದರೂ ಹೇಳ್ತಾರೆ. ಆದರೆ ಸಂಖ್ಯೆ ಆರುನೂರು ಅಂಕಿಗಳಷ್ಟು ಉದ್ದವಾದರೆ ಇವತ್ತಿನ ಕಂಪ್ಯೂಟರುಗಳಿಗೂ ಅದು ಆಗದ ಕೆಲಸ.

ನಿಮ್ಮ ಸಿಲೆಬಸ್‌ನಲ್ಲಿರುವ ಸಂಖ್ಯಾಸಿದ್ಧಾಂತ, ಗ್ರೂಪ್, ಫೀಲ್ಡ್‌ಗಳೇ ಇದರ ಅಡಿಪಾಯ. ಕ್ವಾಂಟಮ್ ಕಂಪ್ಯೂಟರಿನ ದಾಳಿ ತಡೆಯಲು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಹೊಸ ಮಾನಕಗಳಲ್ಲಿ ಎರಡು, ಲ್ಯಾಟಿಸ್ ಗಣಿತದ ಮೇಲೆ ನಿಂತಿವೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ರೇಖೀಯ ಬೀಜಗಣಿತ ಬೇಕು.

ಅರ್ಹತೆಯ ಲೆಕ್ಕ

ಎಂ.ಟೆಕ್.: ಬರೀ ಬಿ.ಎಸ್ಸಿ. ಇದ್ದವರಿಗೆ ಸಾಮಾನ್ಯವಾಗಿ ನೇರ ಪ್ರವೇಶವಿಲ್ಲ. ಬಿ.ಇ., ಎಂಸಿಎ ಅಥವಾ ಸಂಬಂಧಿತ ಎಂ.ಎಸ್ಸಿ. ಕೇಳ್ತಾರೆ.

ಎಂಸಿಎ: ಎರಡು ವರ್ಷದ ಕೋರ್ಸ್. ಪಿಯುಸಿ ಅಥವಾ ಪದವಿಯಲ್ಲಿ ಗಣಿತ ಓದಿದವರು ಅರ್ಹರು. ಕಂಪ್ಯೂಟರ್ ಹಿನ್ನೆಲೆ ಇಲ್ಲದವರಿಗೆ ಬ್ರಿಡ್ಜ್ ಕೋರ್ಸ್ ಇರುತ್ತೆ. ರಾಜ್ಯದಲ್ಲಿ ಪಿಜಿಸಿಇಟಿ ಬರೆಯಬೇಕು.

ಎಂ.ಎಸ್ಸಿ. ಸೈಬರ್ ಭದ್ರತೆ: ಒಂದೊಂದು ವಿಶ್ವವಿದ್ಯಾಲಯದ ನಿಯಮ ಒಂದೊಂದು ಥರ. ಕೆಲವು ಗಣಿತ ಪದವೀಧರರನ್ನು ತಗೊಳ್ತವೆ, ಕೆಲವು ಕಂಪ್ಯೂಟರ್ ಸೈನ್ಸ್ ಕಡ್ಡಾಯ ಅನ್ನುತ್ತವೆ. ಅದಕ್ಕೇ ಪದವಿಯಲ್ಲಿ ಭೌತಶಾಸ್ತ್ರ, ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಬಿಡಬೇಡಿ.

ಎಂ.ಎಸ್ಸಿ. ಗಣಿತ ಮಾಡಿದಮೇಲೆ: ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಕ್ರಿಪ್ಟಾಲಜಿ ಮತ್ತು ಸೆಕ್ಯುರಿಟಿ ಎಂ.ಟೆಕ್.ಗೆ ಅರ್ಜಿ ಹಾಕಬಹುದು.

ಇನ್ನೊಂದು ಮಾತು: ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಇಲ್ಲಿನ ಸ್ನಾತಕೋತ್ತರ ಪದವಿಗೆ ಅಷ್ಟು ಸಾಕು. ವಿದೇಶದ ಹಲವು ವಿವಿಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ.

ಗಣಿತ ಒಂದೇ ಸಾಲದು

ಈ ಕ್ಷೇತ್ರದಲ್ಲಿ ಶುರುವಿನಲ್ಲಿ ಸಿಗುವ ಕೆಲಸಗಳಲ್ಲಿ ಗಣಿತದ ಬಳಕೆ ಕಡಿಮೆ. ನೆಟ್‌ವರ್ಕ್ ಮೇಲೆ ನಿಗಾ ಇಡೋದು, ಲಾಗ್ ಓದೋದು, ಸಾಫ್ಟ್‌ವೇರಿನ ದೋಷ ಹುಡುಕೋದು, ಆಡಿಟ್ ಇವೇ ಹೆಚ್ಚು. ಅದಕ್ಕೆ ಬೇಕಾದ್ದು ಲಿನಕ್ಸ್, ನೆಟ್‌ವರ್ಕಿಂಗ್, ಪೈಥಾನ್. ಇವನ್ನು ಸ್ವಯಂ ಮತ್ತು ಎನ್‌ಪಿಟಿಇಎಲ್ ವೇದಿಕೆಗಳಲ್ಲಿ ಉಚಿತವಾಗಿ ಕಲಿಯಬಹುದು. ಸರ್ಟಿಫಿಕೇಟ್ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಗೂಢಲಿಪಿ ರಚನೆಯಂಥ ಶುದ್ಧ ಗಣಿತದ ಹುದ್ದೆಗಳು ಕಡಿಮೆ, ಬಹುತೇಕ ಪಿಎಚ್.ಡಿ. ಕೇಳುತ್ತವೆ. ಎರಡು ವರ್ಷದಲ್ಲಿ ದೊಡ್ಡ ಸಂಬಳ ಗ್ಯಾರಂಟಿ ಅನ್ನೋ ಜಾಹೀರಾತು ನಂಬಿ ಸಾಲ ಮಾಡಬೇಡಿ.

ಸೀಟು ಎಲ್ಲಿದೆ ಅನ್ನೋದೇ ರಾಜಕೀಯ

ಬಳ್ಳಾರಿ 371-ಜೆ ವಿಧಿಯ ವ್ಯಾಪ್ತಿಯಲ್ಲಿದೆ. 2013ರ ಆದೇಶದ ಪ್ರಕಾರ ಕಲ್ಯಾಣ ಕರ್ನಾಟಕದೊಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟು ಇಲ್ಲಿನ ಸ್ಥಳೀಯರಿಗೆ. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಮಾತ್ರ. ಅಂದ್ರೆ ಒಂದು ಕೋರ್ಸ್ ಬಳ್ಳಾರಿಯಲ್ಲಿ ಇದ್ದರೆ ನಿಮ್ಮ ಪಾಲು ದೊಡ್ಡದು, ಬೆಂಗಳೂರಿನಲ್ಲಿದ್ದರೆ ಚಿಕ್ಕದು, ಮೇಲೆ ಹಾಸ್ಟೆಲ್ ಖರ್ಚು ಬೇರೆ. ಈ ಮೀಸಲಾತಿಗೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ.

ಸಿರುಗುಪ್ಪ, ಕುರುಗೋಡಿನಿಂದ ಬಳ್ಳಾರಿಗೆ ದಿನಾ ಬಸ್ಸಲ್ಲಿ ಹೋಗಿಬರಬಹುದು. ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ನಗರದಲ್ಲೇ ಇದೆ. ಸೈಬರ್ ಭದ್ರತೆಯ ಪದವಿ, ಸ್ನಾತಕೋತ್ತರ ಪಠ್ಯಕ್ರಮವನ್ನು ಯುಜಿಸಿ 2022ರಲ್ಲೇ ಕೊಟ್ಟಿದೆ. ರಾಜ್ಯ ಸರ್ಕಾರ 2024ರಲ್ಲಿ ಸೈಬರ್ ಭದ್ರತಾ ನೀತಿ ಪ್ರಕಟಿಸಿದೆ. ಆ ನೀತಿಯ ಫಲ ಬೆಂಗಳೂರಿನಾಚೆಗೂ ಬರಬೇಕಾದರೆ ಈ ಕೋರ್ಸ್, ಅದರ ಲ್ಯಾಬ್ ಮತ್ತು ಕಾಯಂ ಅಧ್ಯಾಪಕರು ಬಳ್ಳಾರಿಯಲ್ಲಿ ಇರಬೇಕು.

ಇನ್ನೂ ಒಂದು ಲೆಕ್ಕ. ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂ., ಗರಿಷ್ಠ ಎರಡು ವರ್ಷ. ಒಟ್ಟು 72,000. ಓದು ಮುಂದುವರಿಸಿದರೆ ಅದು ಸಿಗಲ್ಲ. ಕೂಲಿ ನಂಬಿದ ಮನೆಯಲ್ಲಿ ಈ ಮೊತ್ತ ಸಣ್ಣದಲ್ಲ. ಓದೋರಿಗೆ ಅಷ್ಟೇ ಮೊತ್ತದ ವಿದ್ಯಾರ್ಥಿವೇತನ ಯಾಕಿಲ್ಲ ಅಂತ ನಿಮ್ಮ ಶಾಸಕರನ್ನು ಕೇಳಿ. ಗಣಿತ ಓದಿದವರು ಕೇಳಲೇಬೇಕಾದ ಪ್ರಶ್ನೆ ಇದು.