ಹುಲ್ಲುಗಾಲುವೆಯ ಹರಿವು: ಒಂದು ಗುಣಾಂಕದ ಚರಿತ್ರೆ

ಹುಲ್ಲು ಬೆಳೆಸಿದ ಮಳೆನೀರು ಕಾಲುವೆಯಲ್ಲಿ ಎಷ್ಟು ನೀರು ಹರಿದೀತು ಎಂದು ಅಂದಾಜಿಸಲು ಎಂಜಿನಿಯರುಗಳು ಇಂದಿಗೂ ಹೆಚ್ಚಾಗಿ ಮೊರೆಹೋಗುವುದು ಮ್ಯಾನಿಂಗ್ ಸೂತ್ರಕ್ಕೆ. ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಇದನ್ನು ಮಂಡಿಸಿದ್ದು 1889ರಲ್ಲಿ. ಕಾಲುವೆಯ ಅಗಲ, ಆಳ, ಇಳಿಜಾರುಗಳನ್ನು ಟೇಪು, ಲೆವೆಲ್ ಹಿಡಿದು ಅಳೆಯಬಹುದು. ಅಳೆಯಲು ಬಾರದ್ದು 'ಎನ್' ಎಂಬ ಒರಟುತನದ ಗುಣಾಂಕ. ಇದು ಮ್ಯಾನಿಂಗರ ಸೃಷ್ಟಿಯೂ ಅಲ್ಲ; ಸ್ವಿಟ್ಜರ್ಲೆಂಡಿನ ಗಾಂಗಿಯೆ ಮತ್ತು ಕುಟ್ಟರ್ 1869ರಲ್ಲೇ ಬಳಸಿದ್ದು.

ನಯವಾದ ಕಾಂಕ್ರೀಟಿಗೆ 'ಎನ್' ಸುಮಾರು 0.013 ಎಂದಿಟ್ಟರೆ ಲೆಕ್ಕ ನಡೆಯುತ್ತದೆ. ಹುಲ್ಲು ಹಾಗೆ ಸುಮ್ಮನಿರುವುದಿಲ್ಲ. ತೆಳುವಾಗಿ ಹರಿಯುವ ನೀರಿಗೆ ಅದು ನೆಟ್ಟಗೆ ನಿಂತು ಅಡ್ಡಬರುತ್ತದೆ. ಹರಿವು ಏರಿದಾಗ ಬಾಗಿ, ಕೊನೆಗೆ ನೆಲಕ್ಕೆ ಒರಗಿ ದಾರಿ ಬಿಡುತ್ತದೆ. ಅಂದರೆ ಹರಿವನ್ನು ತಿಳಿಯಲು ಬೇಕಾದ ಅಂಕಿಯೇ ಹರಿವಿನ ಮೇಲೆ ನಿಂತಿದೆ.

ಈ ಸಿಕ್ಕನ್ನು ಬಿಡಿಸಿದ್ದು ನಗರದ ಚರಂಡಿ ಎಂಜಿನಿಯರುಗಳಲ್ಲ, ಹೊಲದ ಮಣ್ಣು ಉಳಿಸಲು ಹೊರಟವರು. ಅಮೆರಿಕದಲ್ಲಿ 1935ರಲ್ಲಿ ಮಣ್ಣು ಸಂರಕ್ಷಣಾ ಸೇವೆ ಹುಟ್ಟಿತು. ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ಬಳಿ, ಆಮೇಲೆ ಓಕ್ಲಹೋಮಾದ ಸ್ಟಿಲ್‌ವಾಟರ್‌ನಲ್ಲಿ, ಅದರ ಎಂಜಿನಿಯರುಗಳು ಬಯಲಿನಲ್ಲೇ ಕಾಲುವೆ ತೋಡಿ, ಹುಲ್ಲು ಬೆಳೆಸಿ, ನೀರು ಬಿಟ್ಟು ಅಳೆದರು. ಸಂಶೋಧಕರಾದ ರೀ ಮತ್ತು ಪಾಮರ್ 1949ರಲ್ಲಿ ಪ್ರಕಟಿಸಿದ ವರದಿ ಈ ಕೆಲಸದ ಮುಖ್ಯ ಫಲ. ವೇಗವನ್ನೂ ಜಲೀಯ ತ್ರಿಜ್ಯವನ್ನೂ (ಹರಿವಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಅದರ ಒದ್ದೆ ಅಂಚಿನ ಉದ್ದದಿಂದ ಭಾಗಿಸಿದ್ದು) ಗುಣಿಸಿ ಬಂದ ಗುಣಲಬ್ಧಕ್ಕೆ ಎದುರಾಗಿ 'ಎನ್' ಗುರುತಿಸಿದರೆ, ಒಂದೊಂದು ಬಗೆಯ ಹುಲ್ಲುಹಾಸಿಗೆ ಒಂದೊಂದು ವಕ್ರರೇಖೆ ದೊರೆಯುತ್ತದೆ. ತಡೆಯ ಪ್ರಮಾಣ ನೋಡಿ ಎ ಇಂದ ಇ ವರೆಗೆ ಐದು ವರ್ಗ ಮಾಡಿದರು.

ಅಲ್ಲಿ ಪದೇ ಪದೇ ಬರುವ ಬರ್ಮುಡಾ ಹುಲ್ಲು ನಮ್ಮ ಗಣಪತಿಗೆ ಏರಿಸುವ ಗರಿಕೆಯೇ. 12 ಇಂಚು ಬೆಳೆದ ದಟ್ಟ ಗರಿಕೆ ಬಿ ವರ್ಗ. 6 ಇಂಚಿಗೆ ಕತ್ತರಿಸಿದರೆ ಸಿ. ಎರಡೂವರೆ ಇಂಚಿಗೆ ಡಿ. ಒಂದೂವರೆ ಇಂಚಿಗಿಳಿದರೆ ಇ. ಹುಲ್ಲು ಒಂದೇ, ಕತ್ತರಿ ಆಡಿದಂತೆ ವರ್ಗ ಬೇರೆ.

1987ರಲ್ಲಿ ಟೆಂಪಲ್ ಮತ್ತು ಸಂಗಡಿಗರು ಈ ವಕ್ರರೇಖೆಗಳನ್ನು ಒಂದೇ ಸಮೀಕರಣಕ್ಕೆ ಇಳಿಸಿದರು. ಅದರಲ್ಲಿ ಲೆಕ್ಕ ಹಾಕಿ ನೋಡಿದೆ. ಆ ಗುಣಲಬ್ಧ 1 ಇದ್ದಾಗ, ಅಂದರೆ ಅಗಲವಾದ ಕಾಲುವೆಯ ಪ್ರತಿ ಅಡಿ ಅಗಲಕ್ಕೆ ಸುಮಾರು 1 ಕ್ಯೂಸೆಕ್ ಹರಿಯುವಾಗ, ಬಿ ವರ್ಗದ 'ಎನ್' ಸುಮಾರು 0.15, 10 ಕ್ಯೂಸೆಕ್‌ಗೆ 0.048. ಡಿ ವರ್ಗದಲ್ಲಿ ಇವೇ ಅಂಕಿಗಳು 0.058 ಮತ್ತು 0.030. ಕಾಂಕ್ರೀಟಿಗೆ ಹೇಳಿ ಮಾಡಿಸಿದಂತಿರುವ ಸೂತ್ರಕ್ಕೆ ಒಂದೇ ಅಂಕಿ ತುಂಬಿ ಕೈತೊಳೆದುಕೊಳ್ಳುವವರು ಈ ಅಂತರವನ್ನು ಒಮ್ಮೆ ನೋಡಬೇಕು.

ಮಣ್ಣು ಸಂರಕ್ಷಣಾ ಸೇವೆಯ ಹಳೆಯ ಕೈಪಿಡಿಯಲ್ಲಿ ನನಗೆ ಅತ್ಯಂತ ವಿವೇಕದ್ದೆನಿಸುವುದು ಎರಡು ಸಲ ಪರೀಕ್ಷಿಸುವ ಪದ್ಧತಿ. ಹುಲ್ಲು ಗಿಡ್ಡವಾಗಿದ್ದಾಗ ವೇಗ ಹೆಚ್ಚಿ ಮಣ್ಣು ಕೊಚ್ಚಿಹೋದೀತೇ ಎಂದು ಮೊದಲು ನೋಡಬೇಕು. ಅದು ಎತ್ತರ ಬೆಳೆದಾಗ ನೀರು ದಡ ಮೀರೀತೇ ಎಂದು ಆಮೇಲೆ. ಮೊದಲನೆಯದರಿಂದ ಕಾಲುವೆಯ ಆಕಾರ ಸಿಗುತ್ತದೆ, ಎರಡನೆಯದರಿಂದ ಆಳ.

ಇಂದಿನ ನಗರಗಳಲ್ಲಿ ಕೊಳೆ ಸೋಸಲೆಂದು ಮಾಡುವ ಹುಲ್ಲುಗಾಲುವೆಗಳಲ್ಲಿ ನೀರು ಹುಲ್ಲಿನ ತುದಿಯನ್ನೂ ಮುಟ್ಟದೆ ಹರಿಯಬೇಕು. ಅಲ್ಲಿ 'ಎನ್' ಅನ್ನು 0.2ರಷ್ಟು ಹಿಡಿಯುವುದೂ ಉಂಟು. ಹಾಗಾಗಿ ಅಂದಾಜುಪಟ್ಟಿಯಲ್ಲಿ 'ಎನ್' ಎದುರು ಒಂದೇ ಅಂಕಿ ಕಂಡರೆ, ಅದು ಯಾವ ಎತ್ತರದ ಹುಲ್ಲಿಗೆ, ಎಷ್ಟು ಹರಿವಿಗೆ ಎಂದು ಕೇಳಿಯೇ ಸಹಿ ಹಾಕಿ.