ಹೇಮಾವತಿ ತೀರದ ಶೆಟ್ಟಿಹಳ್ಳಿ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ತನ್ನ ನೆಲವನ್ನೇ ಕಳೆದುಕೊಂಡ ಒಂದು ಸೋದರ ಊರನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ. ಅದು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ.

1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ನಂತರ ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಅಬ್ಬೆ ದುಬೊಯ್ ಅವರು ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಜನರು ಅವರನ್ನು 'ದೊಡ್ಡಸ್ವಾಮಿಯವರು' ಎಂದು ಗೌರವದಿಂದ ಕರೆದರು. ವಿಶ್ವಾಸ ಉಳಿಯಬೇಕಾದರೆ ಅನ್ನಕ್ಕೆ ದಾರಿಯಿರಬೇಕೆಂಬುದನ್ನು ಅರಿತ ಅವರು ಬಡ ಕುಟುಂಬಗಳಿಗಾಗಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯವನ್ನೂ ಕೈಗೊಂಡರು. ಹಾಸನ ಸೀಮೆಯ ಕ್ರೈಸ್ತ ಒಕ್ಕಲು ಮಕ್ಕಳ ಚರಿತ್ರೆಯಲ್ಲಿ ಅವರ ಹೆಸರು ಅಳಿಯದೆ ನಿಂತಿದೆ.

ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ದುಬೊಯ್ ಅವರೇ ಕಟ್ಟಿಸಿದರೆಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ಅವರು 1823ರಲ್ಲಿಯೇ ಭಾರತವನ್ನು ಬಿಟ್ಟು, 1848ರಲ್ಲಿ ಪ್ಯಾರಿಸಿನಲ್ಲಿ ದೈವಾಧೀನರಾದರು. ದೇವಾಲಯವಾದರೋ 1860ರ ದಶಕದಲ್ಲಿ, ಮೈಸೂರಿನ ಪ್ರಥಮ ಅಪೋಸ್ತಲಿಕ ಪ್ರತಿನಿಧಿಗಳಾದ ಬಿಷಪ್ ಶಾರ್ಬೊನೊ ಅವರ ಆಡಳಿತ ಕಾಲದಲ್ಲಿ, ಫ್ರೆಂಚ್ ಗುರುಗಳಿಂದ ಎದ್ದಿತು. ಗಾರೆಗೆ ಬೆಲ್ಲ, ಮೊಟ್ಟೆಗಳನ್ನು ಬೆರೆಸಿದ್ದರೆಂದು ಹಿರಿಯರ ಹೇಳಿಕೆ. ಗಾಥಿಕ್ ಶೈಲಿಯ ಎತ್ತರದ ಕಮಾನುಗಳ ಕೆಳಗೆ ಉಳುವ ಜನರು ತಲೆಮಾರುಗಳ ಕಾಲ ಬಲಿಪೂಜೆಯಲ್ಲಿ ಪಾಲ್ಗೊಂಡರು.

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಸುಮಾರು 37 ಸಾವಿರ ದಶಲಕ್ಷ ಘನ ಅಡಿ ನೀರು ಹಿಡಿಯುವ ಆ ಜಲಾಶಯದಿಂದ ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳ ಹೊಲಗಳಿಗೆ ನೀರು ಹರಿಯಿತು. ಆದರೆ ಹಿನ್ನೀರಿನ ಊರುಗಳ ಹೊಲಗದ್ದೆಗಳು ಮುಳುಗಿದವು. ಶೆಟ್ಟಿಹಳ್ಳಿಯ ಜನರೂ ಮನೆಮಾರು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಅನ್ಯರ ಬೆಳೆಗಾಗಿ ಇವರು ತಮ್ಮ ಭೂಮಿಯನ್ನು ತೆತ್ತರು. ಈ ಋಣವನ್ನು ನಾವು ಮರೆಯಲಾಗದು.

ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ದೇವಾಲಯ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ಮತ್ತೆ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ. ಮಾಡು ಹೋಗಿದೆ, ಗೋಡೆಗಳು ವರ್ಷ ವರ್ಷಕ್ಕೂ ಸವೆಯುತ್ತಿವೆ. ದೂರದಿಂದ ಬರುವ ಪ್ರವಾಸಿಗರಿಗೆ ಅದೊಂದು ಸುಂದರ ಪಾಳುಕಟ್ಟಡ. ಅಲ್ಲಿ ಜ್ಞಾನಸ್ನಾನ ಪಡೆದವರಿಗೆ ಅದು ತಾಯಿಯ ಮನೆ.

ಕಲ್ಲುಗಾರೆಯ ಗುಡಿ ಶಿಥಿಲವಾಗಬಹುದು. ವಿಶ್ವಾಸಿಗಳ ಸಮೂಹವೇ ನಿಜವಾದ ಧರ್ಮಸಭೆ. ನೂರು ವರ್ಷಗಳ ಕಾಲ ನಮ್ಮ ನೆಲದಲ್ಲಿಯೇ ನಮ್ಮ ದೇವಾಲಯದ ಘಂಟಾನಾದವನ್ನು ಕೇಳುವ ಭಾಗ್ಯವನ್ನು ದೇವರು ನಮಗೆ ಕರುಣಿಸಿದ್ದಾನೆ. ಆ ಭಾಗ್ಯವಿಲ್ಲದ ಸೋದರರನ್ನು ಈ ಹಬ್ಬದ ದಿನದ ಪ್ರಾರ್ಥನೆಯಲ್ಲಿ ನೆನೆಯೋಣ.